ಅಂಗಳದ ವಿಷಗೆಡ್ಡೆಗಳು: ಕತ್ತರಿಸಿದರೆ ಸಾಲದು, ಬುಡಸಹಿತ ತೆಗೆಯಬೇಕು

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಅಂಗನವಾಡಿ ಕೇಂದ್ರ, ಸರ್ಕಾರಿ ಶಾಲೆ, ಗ್ರಂಥಾಲಯ ಹಾಗೂ ಪಂಚಾಯತಿ ಕಚೇರಿಗಳ ಆವರಣವನ್ನು ಸ್ವಚ್ಛಗೊಳಿಸುವ ಕೆಲಸವು ನಮ್ಮಲ್ಲಿ ವರ್ಷಕ್ಕೆ ಒಂದೆರಡು ಬಾರಿ ನಡೆಯುತ್ತದೆ. ಸಾಮಾನ್ಯವಾಗಿ ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ಹುಲ್ಲು ಕತ್ತರಿಸುವ ಯಂತ್ರದಿಂದ ಗಿಡಗಂಟಿಗಳನ್ನು ಸವರಿಸಲಾಗುತ್ತದೆ. ಹುಲ್ಲಿಗೆ ಈ ವಿಧಾನ ಸಾಕು. ಆದರೆ ನೆಲದೊಳಗೆ ಗೆಡ್ಡೆಯನ್ನಿಟ್ಟುಕೊಂಡು ಬದುಕುವ ಸಸ್ಯಗಳಿಗೆ ಇದು ಸಾಲದು. ಅವುಗಳಲ್ಲಿ ಕೆಲವು ವಿಷಕಾರಿಯಾಗಿದ್ದು, ಆಹಾರದ ಗೆಡ್ಡೆಗಳನ್ನೇ ಹೋಲುತ್ತವೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸುತ್ತಿರುವ ಈ ದಿನಗಳಲ್ಲಿ ಸದಸ್ಯರು ಈ ವಿಷಯವನ್ನು ತಿಳಿದಿರುವುದು ಅಗತ್ಯ.

1. ಒಂದು ಅನುಭವ

ಈ ಲೇಖನಕ್ಕೆ ಕಾರಣವಾದ ಘಟನೆಯು ನನ್ನ ಕಾರ್ಯವ್ಯಾಪ್ತಿಯ ಒಂದು ಅಂಗನವಾಡಿಯಲ್ಲಿ ನಡೆಯಿತು. ಅಲ್ಲಿನ ಬೇಲಿಯಲ್ಲಿ ಗೌರಿಹೂವಿನ ಬಳ್ಳಿ ಹಬ್ಬಿತ್ತು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬೇಲಿಯನ್ನು ಸವರಿಸಿ, ಕೆಲಸ ಮುಗಿದಿದೆ ಎಂದು ಬಿಲ್ಲಿಗೆ ಸಹಿ ಹಾಕಿದವನು ನಾನೇ. ಕೆಲವೇ ವಾರಗಳಲ್ಲಿ ಬಳ್ಳಿ ಮತ್ತೆ ಚಿಗುರಿತು. ಅಕ್ಟೋಬರಿನಲ್ಲಿ ಕೆಲಸಗಾರರು ಈ ಬಾರಿ ಗುದ್ದಲಿಯಿಂದ ಅಗೆದು, ಕಿತ್ತದ್ದನ್ನೆಲ್ಲ ಆವರಣದ ಮೂಲೆಯ ಗೊಬ್ಬರದ ಗುಂಡಿಗೆ ಹಾಕಿದರು. ಮರುವರ್ಷ ಮಳೆಗಾಲದ ಆರಂಭದಲ್ಲಿ ಅದೇ ಗೊಬ್ಬರವನ್ನು ಕೈತೋಟದ ಮಡಿಗಳಿಗೆ ಹರಡಿ ಸಿಹಿಗೆಣಸಿನ ಬಳ್ಳಿಯನ್ನು ನೆಡಲಾಯಿತು.

ನವೆಂಬರಿನಲ್ಲಿ ಗೆಣಸು ಕೀಳುವಾಗ ಗೌರಿಹೂವಿನ ಬಳ್ಳಿ ಒಣಗಿ ಮಾಯವಾಗಿತ್ತು. ನೆಲದೊಳಗೆ ಮಾತ್ರ ಅದರ ಗೆಡ್ಡೆಗಳು ಗೆಣಸಿನ ಪಕ್ಕದಲ್ಲಿಯೇ ಇದ್ದವು. ಎರಡೂ ಒಂದೇ ಬುಟ್ಟಿಗೆ ಬಿದ್ದವು. ತೊಳೆಯುತ್ತಿದ್ದ ಸಹಾಯಕಿಯವರಿಗೆ ಒಂದು ಗೆಣಸು ನೇಗಿಲಿನಂತೆ ಬಾಗಿರುವುದು ಕಂಡಿತು. ಅವರು ಬಾಲ್ಯದಲ್ಲಿ ಹಿರಿಯರಿಂದ ಕೇಳಿದ್ದ ಮಾತು ನೆನಪಾಗಿ ಬುಟ್ಟಿಯನ್ನೇ ಒಲೆಯಿಂದ ದೂರ ಇಟ್ಟರು. ಅಂದು ಯಾವ ಮಗುವಿಗೂ ತೊಂದರೆಯಾಗಲಿಲ್ಲ. ಆದರೆ ಅದು ನಮ್ಮ ವ್ಯವಸ್ಥೆಯಿಂದ ತಪ್ಪಿದ ಅನಾಹುತವಲ್ಲ, ಒಬ್ಬ ಸಹಾಯಕಿಯವರ ನೆನಪಿನಿಂದ ತಪ್ಪಿದ್ದು. ಬೇಲಿಯಲ್ಲಿದ್ದ ಅಪಾಯವನ್ನು ಅಡುಗೆ ಮನೆಯವರೆಗೆ ಸಾಗಿಸಿದ್ದು ನಮ್ಮ ಸ್ವಚ್ಛತಾ ಕೆಲಸವೇ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

2. ಗೆಡ್ಡೆ ಸಸ್ಯಗಳು ಮತ್ತೆ ಮತ್ತೆ ಬರುವುದೇಕೆ?

ಗೆಡ್ಡೆ ಎಂದರೆ ಸಸ್ಯವು ಕಷ್ಟಕಾಲಕ್ಕೆಂದು ನೆಲದೊಳಗೆ ಕೂಡಿಟ್ಟ ಆಹಾರದ ಉಗ್ರಾಣ. ಮೇಲಿನ ಎಲೆ ಕಾಂಡಗಳನ್ನು ಕತ್ತರಿಸಿದರೆ ಸಸ್ಯವು ಆ ಉಗ್ರಾಣದಿಂದ ಶಕ್ತಿಯನ್ನು ಪಡೆದು ಹೊಸ ಚಿಗುರು ಹೊರಡಿಸುತ್ತದೆ. ಬೇಸಿಗೆಯಲ್ಲಿ ಮೇಲ್ಭಾಗ ಪೂರ್ಣ ಒಣಗಿದರೂ ಒಳಗಿನ ಗೆಡ್ಡೆ ಜೀವಂತವಾಗಿರುತ್ತದೆ. ಜೊತೆಗೆ ತಾಯಿಗೆಡ್ಡೆಯ ಸುತ್ತ ಮರಿಗೆಡ್ಡೆಗಳು ಹುಟ್ಟುತ್ತವೆ. ಅಗೆಯುವಾಗ ತಾಯಿಗೆಡ್ಡೆ ಮಾತ್ರ ಕೈಗೆ ಬಂದು ಮರಿಗಳು ಮಣ್ಣಿನಲ್ಲಿ ಉಳಿದರೆ, ಒಂದಿದ್ದ ಜಾಗದಲ್ಲಿ ಹತ್ತು ಗಿಡ ಏಳುತ್ತವೆ.

ಆದುದರಿಂದ ಮೂರು ಮಾತುಗಳನ್ನು ನೆನಪಿಡತಕ್ಕದ್ದು. ಕತ್ತರಿಸುವುದರಿಂದ ಗೆಡ್ಡೆ ಸಾಯುವುದಿಲ್ಲ. ಅರೆಬರೆ ಅಗೆಯುವುದರಿಂದ ಅದು ಹೆಚ್ಚುತ್ತದೆ. ಅಗೆದದ್ದನ್ನು ಕಂಡಲ್ಲಿ ಎಸೆಯುವುದರಿಂದ ಅದು ಹೊಸ ಜಾಗ ಸೇರುತ್ತದೆ.

3. ಗುರುತಿಸಬೇಕಾದ ಸಸ್ಯಗಳು

(ಅ) ಗೌರಿಹೂ: ಅಗ್ನಿಶಿಖೆ, ಅಕ್ಕತಂಗಿ ಬಳ್ಳಿ, ಕರಡಿಕಣ್ಣಿನ ಗೆಡ್ಡೆ ಎಂಬ ಹೆಸರುಗಳೂ ಇದಕ್ಕಿವೆ. ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ. ಎಲೆಯ ತುದಿ ಸುರುಳಿಯಾಗಿ ಆಸರೆಯನ್ನು ಸುತ್ತಿಕೊಳ್ಳುವುದು ಇದರ ಮುಖ್ಯ ಗುರುತು. ಹೂವಿನ ದಳಗಳು ಮೇಲಕ್ಕೆ ಮಡಚಿಕೊಂಡು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪಾಗಿ ಉರಿಯುವ ಜ್ವಾಲೆಯಂತೆ ಕಾಣುತ್ತವೆ. ಗೆಡ್ಡೆಯು ನೇಗಿಲಿನಂತೆ ಎರಡು ತೋಳುಗಳಾಗಿ ಬಾಗಿರುತ್ತದೆ. ಸಂಸ್ಕೃತದಲ್ಲಿ ಇದನ್ನು ಲಾಂಗಲಿ ಎನ್ನುತ್ತಾರೆ, ಲಾಂಗಲವೆಂದರೆ ನೇಗಿಲು. ಸಸ್ಯದ ಎಲ್ಲ ಭಾಗಗಳಲ್ಲಿಯೂ, ವಿಶೇಷವಾಗಿ ಗೆಡ್ಡೆ ಮತ್ತು ಬೀಜಗಳಲ್ಲಿ, ಕೊಲ್ಚಿಸಿನ್ ಎಂಬ ವಿಷವಿರುತ್ತದೆ. ಬೇಯಿಸಿದ ಮಾತ್ರಕ್ಕೆ ಈ ವಿಷ ಹೋಗುವುದಿಲ್ಲ. ಇದೇ ವಸ್ತುವು ವೈದ್ಯರ ನಿಗಾದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಔಷಧವೂ ಹೌದು. ತಮಿಳುನಾಡಿನ ಕೆಲವು ಜಿಲ್ಲೆಗಳಲ್ಲಿ ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ.

(ಆ) ಸ್ಪೈಡರ್ ಲಿಲಿ ಮತ್ತು ರೈನ್ ಲಿಲಿ: ಇವು ಅಮೆರಿಕ ಖಂಡದಿಂದ ಅಲಂಕಾರಕ್ಕಾಗಿ ಬಂದವು. ಸ್ಪೈಡರ್ ಲಿಲಿಯ ಬಿಳಿ ಹೂವಿನಲ್ಲಿ ಜೇಡನ ಕಾಲಿನಂತಹ ಉದ್ದ ಎಸಳುಗಳಿದ್ದು, ಎಲೆಗಳು ಪಟ್ಟಿಯಂತಿರುತ್ತವೆ. ರೈನ್ ಲಿಲಿಯ ಎಲೆ ಹುಲ್ಲಿನಂತೆ, ಎಳೆಯ ಈರುಳ್ಳಿ ಸೊಪ್ಪಿನಂತೆ ಕಾಣುತ್ತದೆ; ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೂ ಬಿಡುತ್ತದೆ. ಎರಡರ ಗೆಡ್ಡೆಯೂ ಈರುಳ್ಳಿಯಂತೆ ಪದರ ಪದರವಾಗಿರುತ್ತದೆ. ಇವುಗಳಲ್ಲಿರುವ ಲೈಕೋರಿನ್ ಎಂಬ ವಸ್ತುವು ವಾಂತಿ, ಜೊಲ್ಲು ಸುರಿಯುವಿಕೆ ಮತ್ತು ಭೇದಿಯನ್ನುಂಟುಮಾಡುತ್ತದೆ.

(ಇ) ಕ್ಯಾಲೇಡಿಯಂ, ಅಂದರೆ ಬಣ್ಣದ ಕೆಸು: ಇದು ದಕ್ಷಿಣ ಅಮೆರಿಕದ ಸಸ್ಯ. ಎಲೆಯು ಕೆಸುವಿನ ಎಲೆಯ ಆಕಾರದಲ್ಲಿದ್ದು ಕೆಂಪು, ಬಿಳಿ ಅಥವಾ ಗುಲಾಬಿ ಚುಕ್ಕೆಗಳಿರುತ್ತವೆ. ಎಲೆ ಮತ್ತು ಗೆಡ್ಡೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಬಾಯಿಗಿಟ್ಟ ಕೂಡಲೇ ಉರಿದು, ನಾಲಿಗೆ ಮತ್ತು ಗಂಟಲು ಊದಿಕೊಳ್ಳುತ್ತವೆ. ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವ ಪ್ರದೇಶಗಳಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಬೆಳೆಸಬಾರದು.

(ಈ) ಗುಲಾಬಿ ಹೂವಿನ ಆಕ್ಸಾಲಿಸ್: ಇದೂ ಅಮೆರಿಕ ಖಂಡದ ಮೂಲದ್ದು. ಹುಳಿಸೊಪ್ಪಿನಂತೆ ಮೂರು ದಳದ ಎಲೆ, ಆದರೆ ದಳಗಳು ಮೀನಿನ ಬಾಲದಂತೆ ಅಗಲವಾಗಿರುತ್ತವೆ. ಇದರ ವಿಷದ ತೀವ್ರತೆ ಕಡಿಮೆ. ಮಕ್ಕಳು ಒಂದೆರಡು ಎಲೆ ಅಗಿದರೆ ಗಾಬರಿಗೆ ಕಾರಣವಿಲ್ಲ. ದನಕರುಗಳು ಹೆಚ್ಚು ಪ್ರಮಾಣದಲ್ಲಿ ತಿಂದರೆ ತೊಂದರೆಯಾಗಬಹುದು. ಹರಡುವುದರಲ್ಲಿ ಮಾತ್ರ ಇದು ಎಲ್ಲಕ್ಕಿಂತ ಮುಂದು. ಜೋಳದ ಕಾಳಿನಷ್ಟು ಸಣ್ಣ ಮರಿಗೆಡ್ಡೆಗಳು ಮಣ್ಣಿನಲ್ಲಿ ಚದುರಿ, ಪ್ರತಿ ಬಾರಿ ಮಡಿ ಅಗೆದಾಗಲೂ ವಿಸ್ತರಿಸುತ್ತವೆ.

(ಉ) ಕಾಡು ಈರುಳ್ಳಿ: ಇದು ನಮ್ಮ ನೆಲದ್ದೇ ಸಸ್ಯ. ಎಲೆಗಿಂತ ಮೊದಲು, ಬೇಸಿಗೆಯಲ್ಲಿ, ಉದ್ದನೆಯ ಹೂದಂಡು ಏಳುತ್ತದೆ. ಗೆಡ್ಡೆಯು ಬಿಳಿ ಈರುಳ್ಳಿಯನ್ನು ಹೋಲುತ್ತದೆ. ಇದರ ವಿಷವು ವಾಂತಿಯ ಜೊತೆಗೆ ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ.

ಅಡುಗೆಯವರಿಗೆ ಹೇಳಿಕೊಡಬೇಕಾದ ಸರಳ ನಿಯಮ ಹೀಗಿದೆ: ಈರುಳ್ಳಿಯ ಆಕಾರವಿದ್ದು ಈರುಳ್ಳಿಯ ಅಥವಾ ಬೆಳ್ಳುಳ್ಳಿಯ ವಾಸನೆ ಇಲ್ಲದಿದ್ದರೆ ಅದು ಅಡುಗೆಗೆ ಬಾರದು. ಗೆಣಸಿನ ರಾಶಿಯಲ್ಲಿ ನೇಗಿಲಿನಂತೆ ಬಾಗಿದ ಗೆಡ್ಡೆ ಕಂಡರೆ ಅದನ್ನು ತೆಗೆದಿಟ್ಟು ತೋರಿಸತಕ್ಕದ್ದು. ಅನುಮಾನ ಬಂದ ಗೆಡ್ಡೆಯನ್ನು ರುಚಿ ನೋಡಿ ಪರೀಕ್ಷಿಸಲೇಬಾರದು.

4. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು

ಸದಸ್ಯರು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. ಗೌರಿಹೂ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಕಳೆ. ಆದರೆ ನಮ್ಮಲ್ಲಿ ಅದು ಸ್ಥಳೀಯ ಸಸ್ಯ. ಕುರುಚಲು ಕಾಡಿನಲ್ಲಿ, ಹೊಲದ ದೂರದ ಬೇಲಿಯಲ್ಲಿ ಬೆಳೆದಿರುವ ಗೌರಿಹೂವನ್ನೂ ಕಾಡು ಈರುಳ್ಳಿಯನ್ನೂ ಹುಡುಕಿ ನಾಶಮಾಡುವ ಅಗತ್ಯವಿಲ್ಲ, ಮಾಡಲೂಬಾರದು. ಹಲವೆಡೆ ಗೌರಿ ಹಬ್ಬಕ್ಕೆ ಈ ಹೂವನ್ನು ಏರಿಸುವ ವಾಡಿಕೆಯಿದೆ. ಅದಕ್ಕೆ ಅಡ್ಡಿಯಿಲ್ಲ. ಹೂ ಕೊಯ್ದವರು ಕೈ ತೊಳೆದುಕೊಂಡು, ಪೂಜೆಯ ನಂತರ ಮಕ್ಕಳ ಕೈಗೆ ಸಿಗದಂತೆ ವಿಸರ್ಜಿಸಿದರೆ ಸಾಕು.

ತೆಗೆಯಬೇಕಾದುದು ಮಕ್ಕಳು ಓಡಾಡುವ ಆವರಣದಿಂದ, ಕೈತೋಟದಿಂದ, ಕುಡಿಯುವ ನೀರಿನ ತೊಟ್ಟಿಯ ಸುತ್ತಲಿನಿಂದ ಮತ್ತು ದನಕರು ಮೇಯುವ ದಾರಿಯಿಂದ. ಹೊರದೇಶದಿಂದ ಬಂದ ಲಿಲಿ, ಕ್ಯಾಲೇಡಿಯಂ, ಆಕ್ಸಾಲಿಸ್‌ಗಳನ್ನು ಈ ಸ್ಥಳಗಳಲ್ಲಿ ಹೊಸದಾಗಿ ನೆಡಲೂಬಾರದು. ವನಮಹೋತ್ಸವದ ಸಂದರ್ಭದಲ್ಲಿ ದಾನಿಗಳು ಅಲಂಕಾರದ ಗೆಡ್ಡೆಗಳನ್ನು ಕೊಡಲು ಮುಂದಾದರೆ, ಅದರ ಬದಲು ನುಗ್ಗೆ, ಕರಿಬೇವು, ಪಪ್ಪಾಯಿ ಸಸಿಗಳನ್ನು ಕೇಳುವುದು ಒಳಿತು.

5. ತೆಗೆಯುವ ಕ್ರಮ

ಮೊದಲ ಹಂತ, ಗುರುತು ಹಾಕುವುದು: ಜೂನ್–ಜುಲೈ ತಿಂಗಳಲ್ಲಿ ಚಿಗುರು ಕಾಣುವಾಗ ಪ್ರತಿ ಬುಡದ ಪಕ್ಕದಲ್ಲಿ ಸುಣ್ಣ ಬಳಿದ ಗೂಟ ನೆಡಬೇಕು. ಒಂದು ಹಾಳೆಯಲ್ಲಿ ಆವರಣದ ನಕ್ಷೆ ಬರೆದು ಗೂಟಗಳ ಸ್ಥಾನವನ್ನು ಗುರುತಿಸಬೇಕು. ನವೆಂಬರಿನ ಹೊತ್ತಿಗೆ ಗೌರಿಹೂವಿನ ಬಳ್ಳಿ ಒಣಗುವುದರಿಂದ, ಆಗ ಗೆಡ್ಡೆ ಎಲ್ಲಿದೆ ಎಂದು ಹೇಳುವುದು ಈ ನಕ್ಷೆ ಮಾತ್ರ.

ಎರಡನೆಯ ಹಂತ, ಅಗೆಯುವುದು: ಗೌರಿಹೂವಿನ ಚಿಗುರು ಒಂದು ಗೇಣು ಎತ್ತರವಿರುವಾಗ ಅಗೆಯುವುದು ಉತ್ತಮ. ಆಗ ಹಳೆಯ ಗೆಡ್ಡೆ ಸೊರಗುತ್ತಿರುತ್ತದೆ, ಹೊಸದು ಬಲಿತಿರುವುದಿಲ್ಲ, ಬೀಜವೂ ಆಗಿರುವುದಿಲ್ಲ. ಬುಡದಿಂದ ಒಂದು ಅಡಿ ದೂರದಲ್ಲಿ ಹಾರೆ ಹಾಕಿ, ಒಂದು ಅಡಿ ಆಳದವರೆಗೆ ಮಣ್ಣನ್ನು ಸಡಿಲಿಸಿ, ಗೆಡ್ಡೆಯನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಬಳ್ಳಿಯನ್ನು ಹಿಡಿದು ಎಳೆಯಬಾರದು. ಗೆಡ್ಡೆ ಪೆಡಸಾಗಿರುವುದರಿಂದ ಮುರಿಯುತ್ತದೆ. ಮೊಳಕೆಯಿರುವ ತೋಳು ಒಳಗೇ ಉಳಿದರೆ ಶ್ರಮ ವ್ಯರ್ಥ.

ಮೂರನೆಯ ಹಂತ, ಜರಡಿ ಹಿಡಿಯುವುದು: ಅಗೆದ ಮಣ್ಣನ್ನು ಕಟ್ಟಡ ಕೆಲಸದವರು ಮರಳು ಸೋಸುವ ಜರಡಿಯಲ್ಲಿ ಹಾಯಿಸಬೇಕು. ಲಿಲಿಯ ಮರಿಗೆಡ್ಡೆಗಳಿಗೆ ದಪ್ಪ ಕಣ್ಣಿನ ಜರಡಿ ಸಾಕು. ಆಕ್ಸಾಲಿಸ್‌ಗೆ ಸಣ್ಣ ಕಣ್ಣಿನದು ಬೇಕು. ಮಣ್ಣು ಒದ್ದೆಯಾಗಿದ್ದರೆ ಜರಡಿ ಕಟ್ಟಿಕೊಳ್ಳುತ್ತದೆ. ಹದವಾಗಿ ಒಣಗಿದ ದಿನವನ್ನು ಆರಿಸಿಕೊಳ್ಳಬೇಕು.

ಕೆಲಸದ ಪ್ರಮಾಣವನ್ನು ಅಂದಾಜಿಸುವ ಬಗೆ ಹೀಗಿದೆ. 10 ಮೀಟರ್ ಉದ್ದ, 3 ಮೀಟರ್ ಅಗಲದ ಕೈತೋಟದ ವಿಸ್ತೀರ್ಣ 30 ಚದರ ಮೀಟರ್. ಇಡೀ ತೋಟವನ್ನು 30 ಸೆಂಟಿಮೀಟರ್ ಆಳಕ್ಕೆ ಅಗೆದರೆ 9 ಘನ ಮೀಟರ್ ಮಣ್ಣನ್ನು ಸೋಸಬೇಕಾಗುತ್ತದೆ. ಗೂಟ ನೆಟ್ಟು ಗುರುತಿಸಿದ ಜಾಗ ಹತ್ತನೆಯ ಒಂದು ಭಾಗವಾದರೆ 0.9 ಘನ ಮೀಟರ್ ಸಾಕು. ಇಷ್ಟು ಕೆಲಸವನ್ನು ಇಬ್ಬರು ಒಂದು ದಿನದಲ್ಲಿ ಅಚ್ಚುಕಟ್ಟಾಗಿ ಮುಗಿಸಬಲ್ಲರು. ಜೂನ್ ತಿಂಗಳ ಗೂಟದಿಂದ ಉಳಿಯುವ ಶ್ರಮ ಇದು.

ನಾಲ್ಕನೆಯ ಹಂತ, ವಿಲೇವಾರಿ: ಗೆಡ್ಡೆಗಳನ್ನು ಎಣಿಸಿ ಗೋಣಿಚೀಲಕ್ಕೆ ತುಂಬಬೇಕು. ತಿಪ್ಪೆ, ಗೊಬ್ಬರದ ಗುಂಡಿ, ಕೆರೆ, ಕಾಲುವೆ, ರಸ್ತೆಬದಿಗೆ ಎಸೆಯಬಾರದು; ಕಸ ಸಂಗ್ರಹಣಾ ವಾಹನದ ಹಸಿಕಸಕ್ಕೂ ಸೇರಿಸಬಾರದು. ಮಕ್ಕಳಿಗೂ ದನಕರುಗಳಿಗೂ ಎಟುಕದ ಕಡೆ, ಸಿಮೆಂಟಿನ ನೆಲದ ಮೇಲೆ ಕತ್ತರಿಸಿ ಹರಡಿ, ಪೂರ್ಣ ಸುಕ್ಕುಗಟ್ಟುವವರೆಗೆ ಬಿಸಿಲಿಗೆ ಒಣಗಿಸಬೇಕು. ನಂತರ ಬಾವಿ ಮತ್ತು ಕೊಳವೆಬಾವಿಗಳಿಂದ ದೂರದಲ್ಲಿ, ಮೂರು ಅಡಿಗೂ ಹೆಚ್ಚು ಆಳದ ಗುಂಡಿಯಲ್ಲಿ ಹೂಳಿ ಮಣ್ಣನ್ನು ದಿಮ್ಮಿಸಿ ಮುಚ್ಚಬೇಕು. ಸುಡುವುದು ಬೇಡ. ಕೆಲಸ ಮಾಡುವವರಿಗೆ ಕೈಗವಸು ಕೊಡಬೇಕು. ಕೆಲಸದ ನಂತರ ಸಾಬೂನಿನಿಂದ ಕೈ ತೊಳೆದ ಮೇಲೆಯೇ ಊಟ, ಎಲೆಅಡಿಕೆ.

ಐದನೆಯ ಹಂತ, ಬಿಸಿಲಿನ ಉಪಚಾರ: ಆಕ್ಸಾಲಿಸ್ ಹೆಚ್ಚಾಗಿರುವ ಮಡಿಗಳಿಗೆ ಮಾರ್ಚ್–ಮೇ ತಿಂಗಳಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಬೇಕು. ಮೇಲ್ಮಣ್ಣು ಕಾಯುವುದರಿಂದ ಮೇಲಿನ ಪದರದ ಮರಿಗೆಡ್ಡೆಗಳು ಬಹುಮಟ್ಟಿಗೆ ಸಾಯುತ್ತವೆ. ಆಳದಲ್ಲಿರುವ ದೊಡ್ಡ ಗೆಡ್ಡೆಗಳಿಗೆ ಈ ಬಿಸಿ ತಲುಪದು. ಅವುಗಳನ್ನು ಅಗೆದೇ ತೆಗೆಯಬೇಕು.

ಕಳೆನಾಶಕದ ಬಗ್ಗೆ: ಸದಸ್ಯರು ಸಹಜವಾಗಿ ಕೇಳುವ ಪ್ರಶ್ನೆ, ಔಷಧ ಹೊಡೆದರೆ ಆಗದೇ ಎಂಬುದು. ಎಲೆಯಿಲ್ಲದ ಕಾಲದಲ್ಲಿ ಸಿಂಪಡಿಸಿದ್ದು ನೆಲದೊಳಗಿನ ಗೆಡ್ಡೆಯನ್ನು ಮುಟ್ಟುವುದಿಲ್ಲ. ಎಲೆಯಿರುವಾಗ ಸಿಂಪಡಿಸಿದರೆ ಪಕ್ಕದ ತರಕಾರಿಗೂ ಮಕ್ಕಳ ಕೈಗೂ ತಗಲುತ್ತದೆ. ಗ್ಲೈಫೋಸೇಟ್ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಬಾರದೆಂದು ಕೇಂದ್ರ ಸರ್ಕಾರವು 2022ರಲ್ಲಿ ಆದೇಶಿಸಿರುವುದನ್ನೂ ಗಮನಿಸತಕ್ಕದ್ದು. ಅಂಗನವಾಡಿ ಮತ್ತು ಶಾಲಾ ಆವರಣದಲ್ಲಿ ಯಾವ ಕಳೆನಾಶಕವನ್ನೂ ಬಳಸದಿರುವುದೇ ಸರಿಯಾದ ಮಾರ್ಗ.

6. ಪಂಚಾಯತಿಯ ಜವಾಬ್ದಾರಿ

ನನ್ನ ತಪ್ಪಿನಿಂದ ನಾನು ಕಲಿತದ್ದು ಇಷ್ಟು: ನಾವು ಅಳೆದದ್ದು ಸವರಿಸಿದ ಬೇಲಿಯ ಉದ್ದವನ್ನು, ತೆಗೆದ ಗೆಡ್ಡೆಗಳನ್ನಲ್ಲ. ಸವರಿದ ಬೇಲಿ ಛಾಯಾಚಿತ್ರದಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಗೆಡ್ಡೆ ಛಾಯಾಚಿತ್ರದಲ್ಲಿ ಕಾಣುವುದಿಲ್ಲ. ಆದುದರಿಂದ ಈ ಕೆಲಸವನ್ನು ಒಂದು ದಿನದ ಸ್ವಚ್ಛತಾ ಕಾರ್ಯವೆಂದು ಮುಗಿಸದೆ, ಎರಡು ಮಳೆಗಾಲದ ಕೆಲಸವೆಂದು ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಅದಕ್ಕೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

(1) ಸಾರ್ವಜನಿಕ ಆರೋಗ್ಯ ಮತ್ತು ಶಿಕ್ಷಣದ ವಿಷಯಗಳನ್ನು ನೋಡಿಕೊಳ್ಳುವ ಸ್ಥಾಯಿ ಸಮಿತಿಯು ಜೂನ್ ತಿಂಗಳಲ್ಲಿ ಎಲ್ಲ ಅಂಗನವಾಡಿ ಮತ್ತು ಶಾಲಾ ಆವರಣಗಳನ್ನು ಖುದ್ದಾಗಿ ನೋಡಿ ನಕ್ಷೆ ಸಿದ್ಧಪಡಿಸುವುದು.

(2) ಜುಲೈ ತಿಂಗಳಲ್ಲಿ ಅಗೆದು ತೆಗೆಸುವುದು. ತೆಗೆದ ಗೆಡ್ಡೆಗಳ ಸಂಖ್ಯೆ ಮತ್ತು ಹೂಳಿದ ಸ್ಥಳವನ್ನು ದಾಖಲಿಸುವುದು. ವೆಚ್ಚ ಸಣ್ಣದಾದ್ದರಿಂದ ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ನಿಯಮಾನುಸಾರ ಭರಿಸಬಹುದು.

(3) ಸೆಪ್ಟೆಂಬರಿನಲ್ಲಿ ಎರಡನೆಯ ಭೇಟಿ. ಉಳಿದ ಗೌರಿಹೂವಿನ ಕಾಯಿಗಳು ಒಡೆಯುವ ಮೊದಲೇ ತೆಗೆಯುವುದು. ಅದರ ಕೆಂಪು ಬೀಜಗಳು ಮಕ್ಕಳ ಕಣ್ಣು ಸೆಳೆಯುತ್ತವೆ.

(4) ಮರುವರ್ಷ ಜೂನ್ ತಿಂಗಳಲ್ಲಿ ಮೂರನೆಯ ಭೇಟಿ. ಹಳೆಯ ನಕ್ಷೆಯನ್ನು ಹಿಡಿದು ಅದೇ ಸ್ಥಾನಗಳನ್ನು ಪರಿಶೀಲಿಸುವುದು. ಎರಡನೆಯ ಮಳೆಗಾಲದ ಕೊನೆಯವರೆಗೂ ಚಿಗುರು ಕಾಣದಿದ್ದಲ್ಲಿ ಮಾತ್ರ ಕೆಲಸ ಪೂರ್ಣವೆಂದು ಬರೆಯುವುದು.

(5) ಹೊಸ ಕೈತೋಟಕ್ಕೆ ಹೊರಗಿನಿಂದ ಮಣ್ಣು ಅಥವಾ ಗೊಬ್ಬರ ತರಿಸುವಾಗ ಜರಡಿ ಹಿಡಿದು ಹಾಕುವುದು. ಗೆಡ್ಡೆ ತರಕಾರಿಗಳನ್ನು ಬೇಲಿಯಿಂದ ಸಾಧ್ಯವಾದಷ್ಟು ದೂರದ ಮಡಿಯಲ್ಲಿ ಬೆಳೆಸುವುದು.

(6) ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಾಲವಿಕಾಸ ಸಮಿತಿ, ಅಡುಗೆಯವರು, ಸಹಾಯಕಿಯರು ಮತ್ತು ಆಶಾ ಕಾರ್ಯಕರ್ತೆಯರಿಗೆ ಗೆಡ್ಡೆಗಳನ್ನು ಪ್ರತ್ಯಕ್ಷ ತೋರಿಸುವುದು. ಊರಿನ ಹಿರಿಯರಿಗೆ ಈ ಸಸ್ಯಗಳ ಪರಿಚಯ ಚೆನ್ನಾಗಿರುತ್ತದೆ, ಅವರನ್ನೂ ಕರೆಯುವುದು.

7. ಯಾರಾದರೂ ತಿಂದಿದ್ದರೆ

ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಬಾಯಲ್ಲಿ ಉಳಿದದ್ದನ್ನು ತೆಗೆಸಿ ಬಾಯಿ ತೊಳೆಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮನೆಮದ್ದಿಗಾಗಿ ಕಾಲ ಕಳೆಯಬಾರದು. ಉಳಿದ ಗೆಡ್ಡೆ, ಎಲೆ ಅಥವಾ ಹೂವನ್ನು ಚೀಲದಲ್ಲಿ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು. ತಿಂದ ಸಮಯ ಮತ್ತು ಅಂದಾಜು ಪ್ರಮಾಣವನ್ನು ತಿಳಿಸಬೇಕು.

ಗೌರಿಹೂವಿನ ವಿಷದ ಒಂದು ಲಕ್ಷಣವನ್ನು ಎಲ್ಲರೂ ತಿಳಿದಿರಬೇಕು. ತಿಂದ ಕೂಡಲೇ ಏನೂ ಆಗದಿರಬಹುದು. ಕೆಲವು ಗಂಟೆಗಳ ನಂತರ ವಾಂತಿ, ಹೊಟ್ಟೆನೋವು, ಭೇದಿ ಆರಂಭವಾಗುತ್ತವೆ. ಹೃದಯ, ಮೂತ್ರಪಿಂಡ, ಅಸ್ಥಿಮಜ್ಜೆಗಳಿಗೆ ಆಗುವ ಹಾನಿ ಒಂದೆರಡು ದಿನ ಕಳೆದ ಮೇಲೆ ಪ್ರಕಟವಾಗುತ್ತದೆ. ಆದುದರಿಂದ ಮಗು ಆಡಿಕೊಂಡಿದೆ ಎಂದೋ, ಭೇದಿ ನಿಂತಿದೆ ಎಂದೋ ಮನೆಯಲ್ಲಿ ಇರಿಸಿಕೊಳ್ಳಬಾರದು.

8. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಮ್ಮ ವಾರ್ಡಿನ ಅಂಗನವಾಡಿಯ ಬೇಲಿಯಲ್ಲಿ ಈಗ ಯಾವ ಯಾವ ಗೆಡ್ಡೆ ಸಸ್ಯಗಳಿವೆ?

(2) ಕಳೆದ ಸ್ವಚ್ಛತಾ ಕಾರ್ಯದಲ್ಲಿ ಕಿತ್ತ ಗಿಡಗಳನ್ನು ಎಲ್ಲಿ ಹಾಕಲಾಯಿತು? ಆ ಜಾಗದಲ್ಲಿ ಈಗ ಏನು ಬೆಳೆದಿದೆ?

(3) ಕೈತೋಟದ ಗೊಬ್ಬರ ಎಲ್ಲಿಂದ ಬರುತ್ತಿದೆ?

(4) ಬುಟ್ಟಿಯಲ್ಲಿ ಅಪರಿಚಿತ ಗೆಡ್ಡೆ ಕಂಡರೆ ನಮ್ಮ ಅಡುಗೆಯವರು ಮತ್ತು ಸಹಾಯಕಿಯರು ಯಾರಿಗೆ ತೋರಿಸಬೇಕು? ಅವರಿಗೆ ಅದನ್ನು ಹೇಳಿದ್ದೇವೆಯೇ?

ಮೇಲೆ ಹೇಳಿದ ಅಂಗನವಾಡಿಯಲ್ಲಿ ಈಗ ಗೂಟಗಳನ್ನು ನೆಟ್ಟು, ಮಡಿಯ ಮಣ್ಣನ್ನು ಸೋಸಲಾಗಿದೆ. ಮೊದಲ ಮಳೆಗಾಲದಲ್ಲಿ ಎರಡು ಕಡೆ ಚಿಗುರು ಕಂಡಿತು. ಎರಡನ್ನೂ ಬುಡಸಹಿತ ತೆಗೆಯಲಾಯಿತು. ಎರಡನೆಯ ಮಳೆಗಾಲ ಇನ್ನೂ ಮುಗಿಯಬೇಕಿದೆ. ಅಲ್ಲಿಯವರೆಗೆ ಆ ಕಡತವನ್ನು ಮುಕ್ತಾಯಗೊಳಿಸುವುದಿಲ್ಲ.